ಮೈಮಾನಿಡಿಸ್ ಓದಿದರೆ ಸಾಕೇ, ರಾಶಿ ಬೇಕೇ?

ಯಹೂದಿಗಳ ಧರ್ಮಶಾಸ್ತ್ರ ಚರ್ಚೆಗಳ ಗ್ರಂಥವಾದ ತಾಲ್ಮುಡ್ ಗೋಜಲು, ಅದರ ಬದಲು ಯಹೂದಿ ಪಂಡಿತ ಮೈಮಾನಿಡಿಸರ ಕಾನೂನು ಸಂಗ್ರಹ ‘ಮಿಶ್ನೆ ತೋರಾ’ ಓದಿಕೊಂಡರೆ ಆಗದೇ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಆಗದು. ಅದರಲ್ಲಿ ತೀರ್ಪು ಸಿಗುತ್ತದೆ, ವಾದ ಸಿಗುವುದಿಲ್ಲ. ತಾಲ್ಮುಡ್ ಅಂದರೆ ವಾದವೇ.

ಉದಾಹರಣೆಗೆ, ತಾಲ್ಮುಡ್‌ನ ಬಾವಾ ಮೆತ್ಸಿಯಾ ಎಂಬ ಭಾಗ ತೆಗೆಯಿರಿ. ಶುರುವಾಗುವುದೇ 2ನೇ ಹಾಳೆಯಿಂದ, 1ನೇದನ್ನು ಹುಡುಕಬೇಡಿ. ಇಬ್ಬರು ಒಂದೇ ವಸ್ತ್ರ ಹಿಡಿದುಕೊಂಡು ಬಂದಿದ್ದಾರೆ. ಇಬ್ಬರೂ ‘ಪೂರ್ತಿ ನನ್ನದು’ ಅಂದರೆ, ಅದರಲ್ಲಿ ತನ್ನ ಪಾಲು ಅರ್ಧಕ್ಕಿಂತ ಕಡಿಮೆಯಿಲ್ಲ ಎಂದು ಇಬ್ಬರೂ ಆಣೆಯಿಟ್ಟು ಸಮಪಾಲು ಮಾಡಿಕೊಳ್ಳಬೇಕು. ಒಬ್ಬ ‘ಪೂರ್ತಿ’, ಇನ್ನೊಬ್ಬ ‘ಅರ್ಧ’ ಅಂದರೆ ಮೊದಲಿನವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು. ತಕರಾರು ಇರುವುದು ಅರ್ಧದ ಮೇಲೆ ಮಾತ್ರ, ಹಂಚುವುದೂ ಅಷ್ಟನ್ನೇ.

ತಾಲ್ಮುಡ್‌ಗೆ ವ್ಯಾಖ್ಯಾನ ಬರೆದ, ಫ್ರಾನ್ಸಿನ ತ್ರ್ವಾ ಊರಿನ ರಾಶಿ (1040–1105) ಇಲ್ಲೇ ತಡೆಯುತ್ತಾರೆ: ವಸ್ತ್ರ ಇಬ್ಬರ ಕೈಯಲ್ಲೂ ಇರುವುದರಿಂದಲೇ ಈ ಹಂಚಿಕೆ. ಒಬ್ಬನ ಕೈಯಲ್ಲಿ ಮಾತ್ರ ಇದ್ದಿದ್ದರೆ ಸಾಕ್ಷಿ ತರುವ ಹೊಣೆ ಇನ್ನೊಬ್ಬನದು. ಮುಂದಿನ ತಲೆಮಾರುಗಳ ಪಂಡಿತರ ಟಿಪ್ಪಣಿ ಸಂಗ್ರಹವಾದ ತೋಸಫೋತ್ ಅದನ್ನೇ ಹಿಡಿದು ಜಗ್ಗುತ್ತದೆ: ತಾಲ್ಮುಡ್‌ನ ಇನ್ನೊಂದು ಭಾಗವಾದ ಬಾವಾ ಬಾತ್ರಾದಲ್ಲಿ ಇಬ್ಬರು ಒಂದು ದೋಣಿಗಾಗಿ ಜಗಳವಾಡಿದಾಗ ‘ಬಲವಿದ್ದವನಿಗೆ’ ಎಂದು ಬಿಟ್ಟರಲ್ಲ, ಅಲ್ಲೇಕೆ ಹಂಚಲಿಲ್ಲ? ಉತ್ತರ: ಕೈಯಲ್ಲಿ ಹಿಡಿದಿದ್ದರೆ ಅರ್ಧ ಅವನದೇ ಎಂದು ಲೆಕ್ಕ, ದೋಣಿಯ ವಿಷಯದಲ್ಲಿ ಹಾಗಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿ: ತಾಲ್ಮುಡ್ ಪುಟದ ಮಧ್ಯದಲ್ಲಿರುವ ಮೂಲವನ್ನು ಕೊನೆಯವರೆಗೆ ಓದಿ, ಆಮೇಲೆ ರಾಶಿಗೆ ಬರುತ್ತಾರೆ. ಸಾಮಾನ್ಯವಾಗಿ ಬಳಸುವ ವಿಲ್ನಾ ಮುದ್ರಣದ ಮೂಲದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಲ್ಲ. ಯಾವುದು ಆಕ್ಷೇಪ, ಯಾವುದು ಸಮಾಧಾನ ಎಂದು ಎಷ್ಟೋ ಕಡೆ ರಾಶಿಯೇ ಹೇಳಬೇಕು. ಒಂದು ಆಕ್ಷೇಪವನ್ನು ತೀರ್ಮಾನ ಅಂದುಕೊಂಡಿರೋ, ಅಲ್ಲಿಂದಾಚೆಗೆ ಎಲ್ಲವೂ ತಲೆಕೆಳಗು, ಅದು ಗೊತ್ತಾಗುವುದೂ ಇಲ್ಲ. ಹಾಗಾಗಿ ಒಂದು ವಾಕ್ಯ ಮೂಲ, ಕೂಡಲೇ ಪುಟದ ಒಳಮಗ್ಗುಲಲ್ಲಿರುವ ರಾಶಿ. ಪ್ರತಿ ಟಿಪ್ಪಣಿಯೂ ಮೂಲದ ಎರಡು ಮೂರು ಪದಗಳಿಂದ ಶುರುವಾಗುತ್ತದೆ, ಆ ಪದಗಳನ್ನು ಮೂಲದಲ್ಲಿ ಬೆರಳಿಟ್ಟು ಗುರುತಿಸಿ. ಚರ್ಚೆ ಒಂದು ಹಂತಕ್ಕೆ ಬಂದ ಮೇಲೆ ಹೊರಮಗ್ಗುಲಿನ ತೋಸಫೋತ್. ರಾಶಿ ಗೊತ್ತಿದೆ ಎಂದುಕೊಂಡೇ ಅದು ಮಾತಾಡುವುದು, ಎಷ್ಟೋ ಸಲ ಅವರನ್ನೇ ಖಂಡಿಸಲು.

ಆದರೆ ಬಾವಾ ಬಾತ್ರಾದಲ್ಲಿ 29ನೇ ಹಾಳೆಯಲ್ಲಿ ರಾಶಿ ನಿಂತು, ಮೊಮ್ಮಗ ರಶ್ಬಾಮ್ ಮುಂದುವರಿಸುತ್ತಾರೆ. ವಿವರಣೆ ಇದ್ದಕ್ಕಿದ್ದಂತೆ ಉದ್ದವಾದರೆ ಗಾಬರಿ ಬೇಡ.

ಮೈಮಾನಿಡಿಸ್ ಕೊನೆಗಿರಲಿ. 14 ಭಾಗಗಳ ಆ ಗ್ರಂಥದಲ್ಲಿ ನಿಯಮಗಳಿಗೆ ಆಧಾರ ಕೊಟ್ಟಿಲ್ಲ ಎಂದು ಪ್ರೊವಾನ್ಸಿನ ಪಂಡಿತ ರಾವದ್ ಮೈಮಾನಿಡಿಸರ ಕಾಲದಲ್ಲೇ ತಕರಾರು ತೆಗೆದಿದ್ದರು. ವಸ್ತ್ರದ ವ್ಯಾಜ್ಯ ಓದಿ ಮುಗಿಸಿ, ಮಿಶ್ನೆ ತೋರಾದ ‘ತೋಯೆನ್ ವೆನಿತಾನ್’ (ವಾದಿ-ಪ್ರತಿವಾದಿ) ವಿಭಾಗದ 9ನೇ ಅಧ್ಯಾಯ ತೆರೆದು, ಅಲ್ಲಿಯ ತೀರ್ಪು ಯಾವ ಸಾಲಿನಿಂದ ಬಂತು ಎಂದು ನೀವೇ ಹುಡುಕಿ.