ಕಂಪ್ಯೂಟರಿನಲ್ಲಿ ಸರಿಯಿರುವ ಫಾಂಟು ವಿನ್ಯಾಸ ತಾಣದಲ್ಲಿ ಏಕೆ ಕೈಕೊಡುತ್ತದೆ?

ಪ್ರಶ್ನೆ: ಆನ್‌ಲೈನ್ ವಿನ್ಯಾಸ ತಾಣವೊಂದರಲ್ಲಿ ಹಣ ತೆತ್ತು ಖಾತೆ ಪಡೆದಿದ್ದೇನೆ. ಭಿತ್ತಿಪತ್ರಗಳಿಗಾಗಿ ನನ್ನಲ್ಲಿರುವ ಮೂರು ಫಾಂಟ್‌ಗಳನ್ನು ಅಲ್ಲಿಗೆ ಸೇರಿಸಲು ಪ್ರಯತ್ನಿಸಿದೆ. ಮೊದಲನೆಯದನ್ನು ತಾಣ ಸ್ವೀಕರಿಸಲೇ ಇಲ್ಲ. ಎರಡನೆಯದು ಸೇರಿತಾದರೂ ಅದರಲ್ಲಿ ಅಕ್ಷರಗಳನ್ನು ದಪ್ಪ ಮಾಡಲಾಗುತ್ತಿಲ್ಲ. ಮೂರನೆಯದನ್ನು ಆಯ್ದುಕೊಂಡರೆ ಇಂಗ್ಲಿಷ್ ಅಕ್ಷರಗಳು ವಿಚಿತ್ರವಾಗುತ್ತವೆ, ಕನ್ನಡ ಅಕ್ಷರಗಳ ರೂಪ ಮಾತ್ರ ಬದಲಾಗುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಮೂರೂ ಸರಿಯಾಗಿವೆ. ತೊಂದರೆ ಎಲ್ಲಿದೆ?

ಉತ್ತರ: ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ತೊಂದರೆಯ ಮೂಲ ತಾಣಕ್ಕಿಂತ ಹೆಚ್ಚಾಗಿ ಆ ಕಡತಗಳೊಳಗೇ ಇರುವಂತಿದೆ. ಕಂಪ್ಯೂಟರಿನಲ್ಲಿ ಅಳವಡಿಸಿದ ಫಾಂಟು ನಿಮ್ಮ ಯಂತ್ರದಲ್ಲಿಯೇ ಉಳಿಯುತ್ತದೆ. ತಾಣಕ್ಕೆ ಸೇರಿಸಿದ್ದು ಇನ್ನೊಬ್ಬರ ಸರ್ವರಿಗೆ ಹೋಗಿ, ತಂಡದವರ ಬ್ರೌಸರುಗಳಿಗೆ ಇಳಿದು, ಕೊನೆಗೆ ನೀವು ಹೊರತೆಗೆಯುವ ಪಿಡಿಎಫ್‌ನೊಳಗೂ ಸೇರಿಕೊಳ್ಳುತ್ತದೆ. ಆದ್ದರಿಂದಲೇ ಕಂಪ್ಯೂಟರು ಗಮನಿಸದ ಕೆಲವು ಸಂಗತಿಗಳನ್ನು ತಾಣ ಪರಿಶೀಲಿಸುತ್ತದೆ.

ಮೊದಲನೆಯ ಫಾಂಟಿನ ವಿಷಯದಲ್ಲಿ ಕಡತದ ಬಗೆಯನ್ನು ನೋಡಿ. ಉದಾಹರಣೆಗೆ, ಕ್ಯಾನ್ವಾ ಎಂಬ ವಿನ್ಯಾಸ ತಾಣ ಓಟಿಎಫ್, ಟಿಟಿಎಫ್ ಮತ್ತು ಡಬ್ಲ್ಯುಓಎಫ್‌ಎಫ್ ಎಂಬ ಬಗೆಯ ಫಾಂಟ್ ಕಡತಗಳನ್ನು ತೆಗೆದುಕೊಳ್ಳುತ್ತದೆ. ಇಳಿಸಿಕೊಂಡ ಜಿಪ್ ಕಡತವನ್ನು ಹಾಗೆಯೇ ಕೊಟ್ಟರೆ ನಡೆಯದು, ಬಿಡಿಸಿ ಒಳಗಿನ ಕಡತವನ್ನು ಕೊಡಬೇಕು. ಬಗೆ ಸರಿಯಿದ್ದೂ ತಿರಸ್ಕೃತವಾದರೆ, ಬಹುತೇಕ ಪರವಾನಗಿಯ ಗುರುತೇ ಕಾರಣವಾಗಿರುತ್ತದೆ. ಫಾಂಟನ್ನು ಬೇರೆ ದಾಖಲೆಗಳೊಳಗೆ ಅಡಕಗೊಳಿಸಬಹುದೇ ಎಂಬುದನ್ನು ಅದರ ತಯಾರಕರು ಕಡತದಲ್ಲಿಯೇ ಒಂದು ಸಂಖ್ಯೆಯಾಗಿ ಬರೆದಿರುತ್ತಾರೆ: 0 ಎಂದರೆ ನಿರ್ಬಂಧವಿಲ್ಲ, 2 ಎಂದರೆ ಅಡಕಗೊಳಿಸುವಂತಿಲ್ಲ, 4 ಎಂದರೆ ನೋಡಲು ಮತ್ತು ಮುದ್ರಿಸಲು ಮಾತ್ರ, 8 ಎಂದರೆ ತಿದ್ದಬಹುದಾದ ದಾಖಲೆಗಳಲ್ಲಿಯೂ ಸಲ್ಲುತ್ತದೆ. ವಿಂಡೋಸ್‌ನಲ್ಲಿ ಫಾಂಟ್ ಕಡತದ ಪ್ರಾಪರ್ಟೀಸ್ ತೆರೆದು ಡೀಟೇಲ್ಸ್ ವಿಭಾಗಕ್ಕೆ ಹೋದರೆ, 'ಫಾಂಟ್ ಎಂಬೆಡೆಬಿಲಿಟಿ' ಎಂಬ ಸಾಲಿನಲ್ಲಿ ಇದು ಕಾಣಿಸುತ್ತದೆ. ಅಲ್ಲಿ 'ರಿಸ್ಟ್ರಿಕ್ಟೆಡ್' ಎಂದಿದ್ದರೆ ಎಷ್ಟು ಬಾರಿ ಪ್ರಯತ್ನಿಸಿದರೂ ಪ್ರಯೋಜನವಿಲ್ಲ. ಫಾಂಟ್ ತಿದ್ದುವ ತಂತ್ರಾಂಶದಲ್ಲಿ ಆ ಸಂಖ್ಯೆಯನ್ನೇ ಬದಲಿಸಿಬಿಡಿ ಎಂದು ಸಲಹೆ ನೀಡುವವರಿದ್ದಾರೆ. ಸಂಖ್ಯೆ ಬದಲಾದ ಮಾತ್ರಕ್ಕೆ ನಿಮಗೆ ಹಕ್ಕು ಬಂದಂತಾಗುವುದಿಲ್ಲವಾದ್ದರಿಂದ ನಾನು ಅದನ್ನು ಖಂಡಿತ ಸೂಚಿಸುವುದಿಲ್ಲ. ತಯಾರಕರಿಂದ ತಕ್ಕ ಪರವಾನಗಿ ಪಡೆಯಿರಿ, ಇಲ್ಲವೇ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿರುವ ಫಾಂಟನ್ನು ಆರಿಸಿಕೊಳ್ಳಿ. ಆ ಪರವಾನಗಿ ವಾಣಿಜ್ಯ ಬಳಕೆಗೂ ಅಡಕಗೊಳಿಸುವುದಕ್ಕೂ ಅವಕಾಶ ಕೊಡುತ್ತದೆ, ಆದರೆ ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವುದನ್ನು ತಡೆಯುತ್ತದೆ. ಉಚಿತವೆಂದು ಹಂಚಲಾಗುವ ಎಷ್ಟೋ ಫಾಂಟ್‌ಗಳು ಸ್ವಂತ ಬಳಕೆಗೆ ಮಾತ್ರ ಉಚಿತವಾಗಿರುತ್ತವೆ; ಜೊತೆಗಿರುವ ಪಠ್ಯ ಕಡತವನ್ನು ಓದದೆ ಮುಂದುವರಿಯಬೇಡಿ.

ಎರಡನೆಯದು ಸುಲಭದ್ದು. ದಪ್ಪ ಅಕ್ಷರ, ಓರೆ ಅಕ್ಷರಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಕಡತಗಳಿರುತ್ತವೆ, ನೀವು ಬಹುಶಃ ರೆಗ್ಯುಲರ್ ಕಡತವೊಂದನ್ನೇ ಸೇರಿಸಿದ್ದೀರಿ. ಬೋಲ್ಡ್ ಕಡತವನ್ನೂ ಸೇರಿಸಿ. ಗೂಗಲ್ ಫಾಂಟ್ಸ್‌ನಿಂದ ತಂದದ್ದಾದರೆ, ಎಲ್ಲ ದಪ್ಪಗಳೂ ಸೇರಿರುವ ವೇರಿಯಬಲ್ ಕಡತದ ಬದಲು 'ಸ್ಟ್ಯಾಟಿಕ್' ಎಂಬ ಕಡತಕೋಶದಲ್ಲಿರುವ ಬಿಡಿ ಕಡತಗಳನ್ನು ಕೊಡುವುದು ಸುರಕ್ಷಿತ.

ಮೂರನೆಯದು ಕನ್ನಡದಲ್ಲಿ ಕೆಲಸ ಮಾಡುವವರನ್ನು ಬಹಳ ಕಾಡುವ ತೊಂದರೆ. ನಿಮ್ಮ ಫಾಂಟು, ಪ್ರತಿಯೊಂದು ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತಸ್ಥಾನ ಕೊಡುವ ಯೂನಿಕೋಡ್‌ಗೆ ಮುಂಚಿನ ಪದ್ಧತಿಯದಾಗಿರಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳೊಂದಿಗೆ ಬರುತ್ತಿದ್ದ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಸ್ಥಾನಗಳಲ್ಲಿಯೇ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಲಾಗಿತ್ತು. ಯೂನಿಕೋಡ್‌ನಲ್ಲಾದರೋ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ 128 ಸ್ಥಾನಗಳು ಮೀಸಲಾಗಿವೆ. ನೀವು ಯೂನಿಕೋಡ್‌ನಲ್ಲಿ 'ಕ' ಎಂದು ಟೈಪಿಸಿದಾಗ ತಾಣ ಆ ಸ್ಥಾನದಲ್ಲಿ ಹುಡುಕುತ್ತದೆ, ಹಳೆಯ ಫಾಂಟಿನಲ್ಲಿ ಅಲ್ಲಿ ಏನೂ ಇಲ್ಲದ ಕಾರಣ ತನ್ನಲ್ಲಿರುವ ಬೇರೊಂದು ಕನ್ನಡ ಫಾಂಟಿನಿಂದ ಅಕ್ಷರವನ್ನು ತಂದು ತೋರಿಸುತ್ತದೆ. ಇಂಗ್ಲಿಷ್ ಟೈಪಿಸಿದರೆ ಕನ್ನಡದ ತುಣುಕುಗಳು ಮೂಡುವುದೂ ಇದೇ ಕಾರಣಕ್ಕೆ. ಹಳೆಯ ಸಂಕೇತದ ಪಠ್ಯವನ್ನು ಅಂಟಿಸಿ ಕೆಲಸ ಸಾಗಿಸಬಹುದಾದರೂ ಆ ಪಠ್ಯವನ್ನು ಹುಡುಕಲಾಗದು, ಫಾಂಟ್ ಬದಲಿಸಿದೊಡನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿಬಿಡುತ್ತದೆ. ಹಳೆಯ ಪಠ್ಯವಿದ್ದರೆ ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಯೂನಿಕೋಡ್ ಫಾಂಟನ್ನೇ ಬಳಸಿ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ತಿರೊ ಕನ್ನಡ, ಬಲೂ ತಮ್ಮ ಇವೆಲ್ಲ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ.

ಆ ಹಳೆಯ ಫಾಂಟಿನ ರೂಪವೇ ಶೀರ್ಷಿಕೆಗೆ ಬೇಕೆಂದಿದ್ದರೆ, ಅದರ ಪರವಾನಗಿ ಒಪ್ಪುವುದಾದಲ್ಲಿ, ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಎಂಬ ಚಿತ್ರ ರಚಿಸುವ ತಂತ್ರಾಂಶದಲ್ಲಿ ಶೀರ್ಷಿಕೆಯನ್ನು ಬರೆದು, ಪಾಥ್ ಪಟ್ಟಿಯ 'ಆಬ್ಜೆಕ್ಟ್ ಟು ಪಾಥ್' ಆಯ್ಕೆಯಿಂದ ಆಕೃತಿಯಾಗಿಸಿ, ಎಸ್‌ವಿಜಿ ಚಿತ್ರವಾಗಿ ತಾಣಕ್ಕೆ ಸೇರಿಸಬಹುದು. ಆಮೇಲೆ ಒಂದಕ್ಷರ ತಿದ್ದಬೇಕಾದರೂ ಮತ್ತೆ ಇಂಕ್‌ಸ್ಕೇಪ್‌ಗೇ ಮರಳಬೇಕಾಗುತ್ತದೆ.

ಯೂನಿಕೋಡ್ ಫಾಂಟು ಸೇರಿದ ಮೇಲೂ 'ಸ್ತ್ರೀ', 'ರಾಷ್ಟ್ರ', 'ಸೂರ್ಯ', 'ಕೃಷ್ಣ' ಎಂಬ ಪದಗಳನ್ನು ಟೈಪಿಸಿ ನೋಡಿ. ಒತ್ತಕ್ಷರಗಳನ್ನು ಜೋಡಿಸುವ ನಿಯಮಗಳು ಫಾಂಟಿನೊಳಗಿರುತ್ತವೆ, ಅವನ್ನು ಜಾರಿಗೆ ತರುವ ಹೊಣೆ ತಾಣದ್ದು. ಎರಡರಲ್ಲಿ ಒಂದು ತಪ್ಪಿದರೂ ಒತ್ತು ಕೆಳಗಿಳಿಯದೆ ಅರ್ಧಾಕ್ಷರವಾಗಿ ಬಿಡಿಯಾಗಿ ನಿಲ್ಲುತ್ತದೆ. ಇದೇ ಪರೀಕ್ಷೆಯನ್ನು ಹೊರತೆಗೆದ ಪಿಡಿಎಫ್‌ನಲ್ಲಿಯೂ ಮಾಡಿ. ಅಡೋಬಿ ರೀಡರ್‌ನಲ್ಲಿ ದಾಖಲೆಯ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ವಿಭಾಗವನ್ನು ನೋಡಿದರೆ, ನಿಮ್ಮ ಫಾಂಟಿನ ಹೆಸರಿನ ಪಕ್ಕದಲ್ಲಿ 'ಎಂಬೆಡೆಡ್ ಸಬ್‌ಸೆಟ್' (ಬಳಸಿದ ಅಕ್ಷರಗಳಷ್ಟು ಅಡಕವಾಗಿವೆ) ಎಂದಿರಬೇಕು. ಅಲ್ಲಿ ಬೇರೆ ಫಾಂಟಿನ ಹೆಸರಷ್ಟೇ ಇದ್ದರೆ ಕಡತವನ್ನು ಮುದ್ರಣಕ್ಕೆ ಕಳುಹಿಸಬೇಡಿ.