ಬಾಣಲೆ ಬಳಿ: ಮುಂಬಯಿಯಲ್ಲಿ ಫಿಶ್ ಅಂಡ್ ಚಿಪ್ಸ್ ಎಲ್ಲಿ ತಿನ್ನೋಣ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಿಂಡಿಯ ಹಿಂದೆ ಬಿದ್ದಿವೆ: ಬ್ರಿಟನ್ನಿನ ಫಿಶ್ ಅಂಡ್ ಚಿಪ್ಸ್, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಜೊತೆಗೆ ಉದ್ದಕ್ಕೆ ಹೆಚ್ಚಿ ಕರಿದ ಬಟಾಟೆ. ಹಾಗಾಗಿ ಇಡ್ಲಿ ಹಿಟ್ಟು ಉಬ್ಬದವರು, ಗಸಿ ಒಡೆದುಹೋದವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ಮಗ, ಸೊಸೆ, ಮೊಮ್ಮಗ ಮ್ಯಾಂಚೆಸ್ಟರಿನಿಂದ ರಜೆಗೆ ಬರುತ್ತಿದ್ದಾರೆ. ನಮ್ಮದು ಬಂಗುಡೆ ಪುಳಿಮುಂಚಿಯ ಮನೆ. ಆದರೆ ಹುಡುಗನಿಗೆ ಫಿಶ್ ಅಂಡ್ ಚಿಪ್ಸ್ ಬಿಟ್ಟು ಬೇರೆ ಮೀನು ಗಂಟಲಲ್ಲಿ ಇಳಿಯುವುದಿಲ್ಲವಂತೆ. ಲೋವರ್ ಪರೇಲ್, ಬಾಂದ್ರಾ, ಕೊಲಾಬಾ ಅಂತ ಮೂರು ಕಡೆ ಹೇಳುತ್ತಾರೆ. ಎಲ್ಲಿಗೆ ಕರೆದುಕೊಂಡು ಹೋಗಲಿ?
— ಒಬ್ಬ ಅಜ್ಜಿ, ಡೊಂಬಿವಲಿ

ಉತ್ತರ: ಅಮ್ಮ, ಮೂರೂ ಕಡೆ ತಿಂದಿದ್ದೇನೆ, ನನ್ನದೇ ದುಡ್ಡಿನಲ್ಲಿ. ಹೋಟೆಲಿನ ಹೆಸರು ಬರೆಯುವುದಿಲ್ಲ. ಫೋರ್ಟಿನ ಅಡುಗೆಮನೆಗಳಲ್ಲಿ ಅರ್ಧ ಆಯುಷ್ಯ ಎಣ್ಣೆಯ ಮುಂದೆ ನಿಂತವನು ನಾನು, ಬಾಣಲೆ ಹಿಡಿದವನ ಹೊಟ್ಟೆಗೆ ಹೊಡೆಯುವುದು ನನ್ನಿಂದಾಗದು.

ಲೋವರ್ ಪರೇಲಿನದು ಹಿಂದೆ ಗಿರಣಿಯಿದ್ದ ಕಾಂಪೌಂಡಿನೊಳಗಿನ ಪಬ್ಬು. ಅಲ್ಲಿ ತಟ್ಟೆ ಎಂಬುದಿಲ್ಲ. ಮರದ ಹಲಗೆ, ಅದರ ಮೇಲೆ ಲಂಡನ್ ಪೇಪರಿನ ಹಾಗೆ ಅಚ್ಚು ಹಾಕಿಸಿದ ಕಾಗದ, ಪುಟ್ಟ ತಗಡಿನ ಬಾಲ್ದಿಯಲ್ಲಿ ಚಿಪ್ಸು. ಬಿಯರ್ ಕಲಸಿದ ಹಿಟ್ಟು ಚೆನ್ನಾಗಿ ಉಬ್ಬಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಉಗುರಿನಲ್ಲಿ ತಟ್ಟಿದರೆ ಟಕ್ ಎಂದಿತು. ಮುರಿದರೆ ಒಳಗೆ ಬಾಸಾ ಎಂಬ ಸಾಕಿದ ಮೀನು. ಮೀನಿಗೂ ಹೊದಿಕೆಗೂ ನಡುವೆ ಬೆರಳು ತೂರುವಷ್ಟು ಸಂದು, ಆ ಸಂದಿನಲ್ಲಿ ನೀರು. ನಾಲ್ಕು ಮಾತು ಆಡುವಷ್ಟರಲ್ಲಿ ಅಡಿಭಾಗ ಮೆತ್ತಗಾಗಿ ಕಾಗದಕ್ಕೆ ಅಂಟಿಕೊಂಡಿತು. ಚಿಪ್ಸು ಫ್ರೀಜರಿನ ಪ್ಯಾಕೆಟ್ಟಿನದು: ಎಲ್ಲ ಒಂದೇ ಉದ್ದ, ಒಂದೇ ಬಣ್ಣ, ಬಟಾಟೆಯ ರುಚಿ ಮಾತ್ರ ಇಲ್ಲ. ಬಿಲ್ಲು 700 ದಾಟಿತು, ತೆರಿಗೆ ಬೇರೆ. ಸಂಜೆಯ ಹೊತ್ತಿಗೆ ಹಾಡಿನ ಅಬ್ಬರದಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಮಗುವನ್ನು ಕರೆದುಕೊಂಡು ಹೋಗುವ ಜಾಗವಲ್ಲ.

ಬಾಂದ್ರಾದ ಕಫೆಯಲ್ಲಿ ಗಾಳಿ ಚೆನ್ನಾಗಿದೆ, ಹುಡುಗರು ವಿನಯವಂತರು. ಕೊಡುವುದು ಮಾತ್ರ ಫಿಶ್ ಅಂಡ್ ಚಿಪ್ಸ್ ಅಲ್ಲ. ಮೀನಿಗೆ ಬ್ರೆಡ್ಡಿನ ಪುಡಿ ಮೆತ್ತಿ ಕರಿಯುತ್ತಾರೆ. ತಿನ್ನಲು ಅಡ್ಡಿಯಿಲ್ಲ, ಫಿಶ್ ಫಿಂಗರ್ ಅಂದುಕೊಂಡು ತಿಂದರಾಯಿತು. ಮ್ಯಾಂಚೆಸ್ಟರಿನ ಹುಡುಗ ಒಂದೇ ತುತ್ತಿಗೆ ಪತ್ತೆ ಹಚ್ಚುತ್ತಾನೆ.

ನೀವು ಕೊಲಾಬಾಕ್ಕೆ ಹೋಗಿ. ಕಾಸ್‌ವೇಯಿಂದ ಒಳಗೆ ತಿರುಗಿದರೆ ಹಳೆಯ ಮಾದರಿಯ ರೆಸ್ಟೋರೆಂಟು, ಅಮೃತಶಿಲೆಯ ಮೇಜು, ಗರಗರ ಅನ್ನುವ ಫ್ಯಾನು. ಆರ್ಡರ್ ತೆಗೆದುಕೊಂಡವರು ನಮ್ಮ ಕುಂದಾಪುರದ ಕಡೆಯವರು. ‘ಇವತ್ತು ಯಾವ ಮೀನು?’ ಎಂದು ಕನ್ನಡದಲ್ಲಿ ಕೇಳಿದೆ. ಆ ಕಡೆ ಈ ಕಡೆ ನೋಡಿ, ‘ರಾವಸ್ ಇತ್ತ್, ಅದನ್ನೇ ತಕಣಿ’ ಅಂದರು. ಬಂದದ್ದು ಅಂಗೈಯಗಲದ ಒಂದೇ ತುಂಡು. ಹಿಟ್ಟು ಪಬ್ಬಿನದರಷ್ಟು ಉಬ್ಬಿರಲಿಲ್ಲ, ಅಂಚು ಸ್ವಲ್ಪ ಕೆಂಪು ಹೆಚ್ಚಾಗಿತ್ತು. ಆದರೆ ಫೋರ್ಕ್ ಊರಿದ ಕೂಡಲೇ ಮೀನು ಪದರ ಪದರವಾಗಿ ಬಿಟ್ಟುಕೊಂಡಿತು. ಕೊನೆಯ ತುಂಡಿನವರೆಗೂ ಹೊದಿಕೆ ಮೀನನ್ನು ಬಿಡಲಿಲ್ಲ. ಚಿಪ್ಸು ಕೈಯಲ್ಲೇ ಹೆಚ್ಚಿದ್ದು, ದಪ್ಪ. ಗರಿ ಸಾಲದು, ಇನ್ನೊಮ್ಮೆ ಎಣ್ಣೆಗೆ ಬಿಡಬೇಕಿತ್ತು. ಜೊತೆಗೆ ಟಾರ್ಟಾರ್ ಸಾಸ್, ಕೇಳದೆಯೇ ಹಸಿ ಈರುಳ್ಳಿ, ಲಿಂಬೆ. ದರ ಪಬ್ಬಿನ ಮುಕ್ಕಾಲು ಪಾಲು.

ಒಂದು ಕೊರತೆ ಮೂರೂ ಕಡೆ ಇದೆ: ಉತ್ತರ ಇಂಗ್ಲೆಂಡಿನವರು ಜೊತೆಗೆ ತಿನ್ನುವ ಮಶಿ ಪೀಸ್ ಇಲ್ಲ. ಒಣ ಬಟಾಣಿಯನ್ನು ಅಡುಗೆ ಸೋಡಾ ಹಾಕಿ ರಾತ್ರಿ ನೆನೆಸಿ, ಮುದ್ದೆಯಾಗುವಂತೆ ಬೇಯಿಸುವುದು, ಅಷ್ಟೇ. ರಗಡಾ ಮಾಡಲು ಬರುವ ನಿಮಗೆ ಅದೇನು ಮಹಾ? ಬಿಳಿ ಬಟಾಣಿಯ ಬದಲು ಹಸಿರು ತನ್ನಿ, ಮಸಾಲೆ ಬಿಡಿ, ಉಪ್ಪು ಬೆಣ್ಣೆ ಹಾಕಿ. ಡಬ್ಬಿಯಲ್ಲಿ ತುಂಬಿಕೊಂಡು ಹೋದರೆ ಕೊಲಾಬಾದವರು ಬೇಡ ಎನ್ನಲಿಕ್ಕಿಲ್ಲ.

ಪ್ರಶ್ನೆ: ಮೆನುವಿನಲ್ಲಿ ಬರೀ ‘ಫಿಶ್’ ಎಂದಿರುತ್ತದೆ. ಅದು ಬಾಸಾ ಎಂದು ಗೊತ್ತಾಗುವುದು ಹೇಗೆ? ಬಾಸಾ ಅಷ್ಟು ಕೆಟ್ಟದ್ದೇ? ಬೇರೆ ಯಾವ ಮೀನು ಕೇಳಬಹುದು?
— ಬೊರಿವಲಿ

ಉತ್ತರ: ಹೆಸರು ಬರೆಯದಿದ್ದರೆ ಬಾಸಾ ಎಂದೇ ತಿಳಿಯಿರಿ. ಒಳ್ಳೆಯ ಮೀನು ತಂದವನು ಬೋರ್ಡು ಹಾಕಿ ಹೇಳುತ್ತಾನೆ. ಬಾಸಾ ವಿಷವೇನಲ್ಲ ಮಾರಾಯ್ರೆ. ವಿಯೆಟ್ನಾಮಿನ ಮೆಕಾಂಗ್ ನದಿಯ ಕಡೆ ಸಾಕುವ ಸಿಹಿನೀರಿನ ಮೀನು ಅದು. ಅದೇ ಜಾತಿಯನ್ನು ಈಗ ಆಂಧ್ರದ ಕೆರೆಗಳಲ್ಲೂ ಸಾಕುತ್ತಾರೆ. ಮುಳ್ಳಿಲ್ಲ, ವಾಸನೆಯಿಲ್ಲ, ವರ್ಷವಿಡೀ ಸಿಗುತ್ತದೆ, ತುಂಡುಗಳೆಲ್ಲ ಒಂದೇ ತೂಕ. ಹೋಟೆಲಿನವನಿಗೆ ಇನ್ನೇನು ಬೇಕು? ತೊಂದರೆ ಇರುವುದು ನೀರಿನಲ್ಲಿ. ಹಿಮಗಟ್ಟಿಸುವಾಗ ತುಂಡಿನ ಮೇಲೆ ಐಸಿನ ಪದರ ಕೂರಿಸುತ್ತಾರೆ, ಎಷ್ಟೋ ಸಲ ನೀರು ಹಿಡಿದಿಡುವ ಫಾಸ್ಫೇಟ್ ಉಪ್ಪನ್ನೂ ಸೇರಿಸಿರುತ್ತಾರೆ. ಬಿಸಿ ಎಣ್ಣೆಗೆ ಬಿದ್ದಾಗ ಆ ನೀರೆಲ್ಲ ಹಬೆಯಾಗಿ, ಹೊರಗೆ ಹೋಗಲು ದಾರಿಯಿಲ್ಲದೆ ಹೊದಿಕೆಯ ಒಳಮೈಯನ್ನು ನೆನೆಸುತ್ತದೆ. ಮೇಲೆ ಹೇಳಿದ ಪಬ್ಬಿನಲ್ಲಿ ಆದದ್ದು ಅದೇ. ಅಡುಗೆಯವನ ಕೈ ಚೆನ್ನಾಗಿತ್ತು, ಮೀನು ಕೈಕೊಟ್ಟಿತು.

ಬ್ರಿಟನ್ನಿನಲ್ಲಿ ಕಾಡ್, ಹ್ಯಾಡಕ್ ಬಳಸುತ್ತಾರೆ. ಎರಡೂ ಚಳಿನೀರಿನ ಮೀನು, ಬಿಳಿ ಮಾಂಸ, ದೊಡ್ಡ ಪದರ, ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ನಮ್ಮ ನೀರಿನಲ್ಲಿ ಅವು ಇಲ್ಲ. ನನ್ನ ಲೆಕ್ಕದಲ್ಲಿ ಅವಕ್ಕೆ ಹತ್ತಿರ ಬರುವುದು ಜಿತಾಡಾ, ಅಂದರೆ ಕೋಲ್ಕತ್ತೆಯವರ ಭೆಟ್ಕಿ. ಅಲಿಬಾಗ್ ಕಡೆಯವರು ಅದಕ್ಕೆ ಪ್ರಾಣ ಬಿಡುತ್ತಾರೆ. ಆಮೇಲೆ ರಾವಸ್, ಘೋಳ್. ಅಂಜಲ್ ಕೇಳಬೇಡಿ. ಸುರ್ಮಾಯಿ ಎಂದು ಹಿಗ್ಗಿ ತರಿಸುತ್ತಾರೆ ಜನ. ಅದು ಬಿಲ್ಲೆ ಕತ್ತರಿಸಿ ಮಸಾಲೆ ಮೆತ್ತಿ ಕಾವಲಿಯಲ್ಲಿ ಹುರಿಯುವ ಮೀನು. ಮುಳ್ಳು ತೆಗೆದು ಹಿಟ್ಟಿನೊಳಗೆ ಮುಳುಗಿಸಿದರೆ ಗಟ್ಟಿಯಾಗಿ, ಒಣಗಿ ಕೂರುತ್ತದೆ. ಮಾಂಜಿಯನ್ನು, ಅಂದರೆ ಪಾಪ್ಲೆಟನ್ನು, ಹಿಟ್ಟಿನಲ್ಲಿ ಕರಿಯುವುದಂತೂ ದುಡ್ಡನ್ನೇ ಎಣ್ಣೆಗೆ ಹಾಕಿದ ಹಾಗೆ.

ಬೊಂಬಿಲ್, ಅಂದರೆ ಬಾಂಬೆ ಡಕ್ ಎನ್ನುವ ಮೀನಿನ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅದರ ಮೈಯೇ ನೀರು. ಅದಕ್ಕೇ ಕಲ್ಲಿನಡಿ ಒತ್ತಿಟ್ಟು ನೀರಿಳಿಸಿ, ರವೆ ಹೊರಳಿಸಿ ಕರಿಯುವುದು. ಆ ದಾರಿಯನ್ನು ಬಿಟ್ಟು ಹೋಗಬೇಡಿ.

ಪ್ರಶ್ನೆ: ಮನೆಯಲ್ಲಿ ಮಾಡಿದೆ. ಬಾಣಲೆಯಲ್ಲಿರುವಾಗ ಗರಿಗರಿ, ಟೇಬಲ್ಲಿಗೆ ಬಂದಾಗ ಮೆತ್ತಗೆ. ಚಿಪ್ಸು ಕಪ್ಪಾಗುತ್ತದೆ. ಬಿಯರ್ ಹಾಕಲೇಬೇಕೇ? ಮನೆಯಲ್ಲಿ ಅತ್ತೆಯವರಿದ್ದಾರೆ.
— ಮೀರಾ ರೋಡ್

ಉತ್ತರ: ಅತ್ತೆಯವರು ನಿಶ್ಚಿಂತೆಯಿಂದ ಇರಲಿ, ಬಿಯರ್ ಬೇಡ. ಹಿಟ್ಟಿಗೆ ಬೇಕಾದದ್ದು ಅದರೊಳಗಿನ ಗ್ಯಾಸು, ಅದು ಸೋಡಾದಲ್ಲೂ ಇದೆ. ಅಂಗಡಿಯ ಸೋಡಾ ಬಾಟಲಿಯನ್ನು ಫ್ರಿಜ್ಜಿನಲ್ಲಿ ಚೆನ್ನಾಗಿ ತಣ್ಣಗಾಗಿಸಿ. ಒಂದು ಲೋಟ ಮೈದಾ, ಕಾಲು ಲೋಟ ಅಕ್ಕಿ ಹಿಟ್ಟು, ಅರ್ಧ ಚಮಚ ಬೇಕಿಂಗ್ ಪೌಡರ್, ಉಪ್ಪು. ಎಣ್ಣೆ ಕಾದ ಮೇಲೆಯೇ ಸೋಡಾ ಸುರಿದು, ನಾಲ್ಕು ಸುತ್ತು ತಿರುಗಿಸಿ ನಿಲ್ಲಿಸಿ. ಗಂಟು ಉಳಿದರೆ ಉಳಿಯಲಿ. ನಮ್ಮ ಹೆಂಗಸರ ಕೈಗೆ ಗಂಟು ಕಂಡರೆ ಸಮಾಧಾನವಿಲ್ಲ, ತಿರುವುತ್ತಲೇ ಇರುತ್ತಾರೆ. ತಿರುವಿದಷ್ಟೂ ಮೈದಾ ಜಿಗುಟಾಗುತ್ತದೆ, ಗ್ಯಾಸು ಹಾರಿಹೋಗುತ್ತದೆ.

ಮೀನಿಗೆ ಉಪ್ಪು ಸವರಿ ಕಾಲು ಗಂಟೆ ಬಿಡಿ, ನೀರು ಬಿಡುತ್ತದೆ. ಬಟ್ಟೆಯಲ್ಲಿ ಒತ್ತಿ ಒರೆಸಿ, ಒಣ ಮೈದಾದಲ್ಲಿ ಹೊರಳಿಸಿ, ಕೊಡವಿ, ಆಮೇಲೆ ಹಿಟ್ಟಿಗೆ. ಒಣ ಮೈದಾ ಬಿಟ್ಟರೆ ಹೊದಿಕೆ ಕಳಚಿ ಬರುತ್ತದೆ. ಎಣ್ಣೆ 180 ಡಿಗ್ರಿ ಇರಬೇಕು. ಥರ್ಮಾಮೀಟರ್ ಇಲ್ಲದವರು ಒಂದು ಹನಿ ಹಿಟ್ಟು ಬಿಟ್ಟು ನೋಡಿ: ಸ್ವಲ್ಪ ಇಳಿದು ಆ ಕ್ಷಣವೇ ಮೇಲೆ ಬಂದು ಕುಣಿದರೆ ಸರಿ. ತುಂಡಿನ ಒಂದು ತುದಿಯನ್ನು ಹಿಡಿದುಕೊಂಡೇ ನಿಧಾನವಾಗಿ ಇಳಿಸಿ, ಅರ್ಧ ಮುಳುಗಿದಾಗ ಎರಡು ಉಸಿರಿನಷ್ಟು ತಡೆದು ಬಿಡಿ, ತಳಕ್ಕೆ ಅಂಟುವುದಿಲ್ಲ. ಮನೆಯ ಬಾಣಲೆಗೆ ಒಂದು ಸಲಕ್ಕೆ ಎರಡೇ ತುಂಡು.

ಇನ್ನು ಟೇಬಲ್ಲಿನಲ್ಲಿ ಮೆತ್ತಗಾಗುವ ಕಥೆ. ನೀವು ಅದನ್ನು ಟಿಶ್ಯೂ ಹಾಸಿದ ತಟ್ಟೆಗೆ ಇಳಿಸುತ್ತೀರಿ, ಮೇಲಿಂದ ಮುಚ್ಚಳವನ್ನೂ ಮುಚ್ಚುತ್ತೀರಿ, ಹೌದು ತಾನೇ? ಬಿಸಿ ಮೀನಿನ ಹಬೆ ಅಲ್ಲೇ ನೀರಾಗುತ್ತದೆ. ತಂತಿಯ ಜಾಲರಿಯ ಮೇಲಿಡಿ, ಕೆಳಗಿನಿಂದಲೂ ಗಾಳಿಯಾಡಲಿ.

ಬಟಾಟೆ ಕಪ್ಪಾಗುವುದಕ್ಕೆ ಕಾರಣ ಕೋಲ್ಡ್ ಸ್ಟೋರೇಜು. ತೀರ ತಣ್ಣಗೆ ಇಟ್ಟ ಬಟಾಟೆಯ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆ ಎಣ್ಣೆಯಲ್ಲಿ ಬೇಗ ಕಪ್ಪಾಗುತ್ತದೆ. ನೀವೂ ಫ್ರಿಜ್ಜಿನಲ್ಲಿ ಇಡಬೇಡಿ. ಮಾರ್ಕೆಟ್ಟಿನಲ್ಲಿ ‘ವೇಫರ್‌ಗೆ ಆಗುವ ಬಟಾಟೆ’ ಎಂದು ಕೇಳಿ. ಕರಿಯುವುದಕ್ಕೆಂದೇ ಶಿಮ್ಲಾದ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯವರು ಕುಫ್ರಿ ಚಿಪ್ಸೋನಾ ಎಂಬ ತಳಿಗಳನ್ನೇ ಮಾಡಿದ್ದಾರೆ, ಅವುಗಳಲ್ಲಿ ಸಕ್ಕರೆ ಕಡಿಮೆ. ಬೆರಳಿನ ದಪ್ಪಕ್ಕೆ ಹೆಚ್ಚಿ, ನೀರು ತಿಳಿಯಾಗುವವರೆಗೆ ತೊಳೆದು, ಅಂಚು ಮೆತ್ತಗಾಗುವಷ್ಟು ಬೇಯಿಸಿ, ಆರಿಸಿ. ಮೊದಲು 140ರ ಆಸುಪಾಸಿನ ಎಣ್ಣೆಯಲ್ಲಿ ಬಣ್ಣ ಬಾರದಂತೆ ಕರಿದು ತೆಗೆದಿಡಿ. ಮೀನು ಆದ ಮೇಲೆ 190ರಲ್ಲಿ ಎರಡನೆಯ ಸಲ. ಈ ಎರಡನೆಯ ಸಲವನ್ನು ಉಳಿಸಲು ಹೋಗಿಯೇ ಕೊಲಾಬಾದವರಿಗೆ ಪೂರ್ತಿ ಅಂಕ ಸಿಗದೆ ಹೋದದ್ದು.

ಪ್ರಶ್ನೆ: ಇದು ಅಸಲು ಇಂಗ್ಲಿಷರ ತಿಂಡಿಯೇ? ಪೇಪರಿನಲ್ಲಿ ಕಟ್ಟಿ ವಿನೆಗರ್ ಸುರಿಯುತ್ತಿದ್ದರಂತೆ, ನಮ್ಮಲ್ಲಿ ಯಾಕೆ ಹಾಗೆ ಕೊಡುವುದಿಲ್ಲ?
— ನೆರೂಳ್

ಉತ್ತರ: ಹಿಟ್ಟಿನಲ್ಲಿ ಮೀನು ಕರಿಯುವುದನ್ನು ಅಲ್ಲಿಗೆ ಒಯ್ದವರು ಸ್ಪೇನ್, ಪೋರ್ಚುಗಲ್ ಕಡೆಯಿಂದ ಬಂದ ಯಹೂದಿಗಳು ಎನ್ನುತ್ತಾರೆ. ಮೀನು, ಬಟಾಟೆ ಜೋಡಿಯ ಮೊದಲ ಅಂಗಡಿ ಯಾರದೆಂಬ ಜಗಳ ಇನ್ನೂ ಮುಗಿದಿಲ್ಲ. 1860ರ ಸುಮಾರಿಗೆ ಲಂಡನ್ನಿನ ಜೋಸೆಫ್ ಮಾಲಿನ್ ಎಂದು ಒಂದು ಪಕ್ಷ, ಲ್ಯಾಂಕಾಶೈರಿನ ಮಾಸ್ಲಿಯ ಜಾನ್ ಲೀಸ್ ಎಂದು ಇನ್ನೊಂದು ಪಕ್ಷ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಬೆಣ್ಣೆ, ಸಕ್ಕರೆ, ಮಾಂಸಕ್ಕೆಲ್ಲ ರೇಷನ್ ಬಂದಾಗಲೂ ಇದಕ್ಕೆ ಬರಲಿಲ್ಲ. ಗಿರಣಿ ಊರುಗಳ ಕಾರ್ಮಿಕರ ಹೊಟ್ಟೆ ತುಂಬಿಸಿದ ತಿಂಡಿ ಅದು. ನಮ್ಮ ಪರೇಲಿನಲ್ಲಿ ಗಿರಣಿ ಮುಚ್ಚಿದ ಮೇಲೆ ಬಂತು, ಅದೂ ಈ ದರಕ್ಕೆ.

ಅಚ್ಚಾದ ಪೇಪರಿನಲ್ಲಿ ತಿಂಡಿ ಕಟ್ಟುವುದನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮ ನಿಷೇಧಿಸಿದೆ. ಶಾಯಿ ಎಣ್ಣೆಗೆ ಇಳಿಯುತ್ತದೆ. ವಡಾಪಾವ್ ಗಾಡಿಯವರಿಗೆ ಈ ಸುದ್ದಿ ಮುಟ್ಟಿದ ಹಾಗಿಲ್ಲ. ವಿನೆಗರ್ ವಿಷಯದಲ್ಲಿ ಬೇಸರ ಬೇಡ: ಬಾರ್ಲಿಯ ಮಾಲ್ಟ್ ವಿನೆಗರ್ ಎಂದು ಹೊಗಳಿದರೂ, ಅಲ್ಲಿನ ಎಷ್ಟೋ ಅಂಗಡಿಗಳ ಬಾಟಲಿಯಲ್ಲಿರುವುದು ನೀರಿಗೆ ಅಸಿಟಿಕ್ ಆಸಿಡ್, ಕಂದು ಬಣ್ಣ ಸೇರಿಸಿದ ಅಗ್ಗದ ಹುಳಿ. ಗೋವಾಕ್ಕೆ ಹೋದಾಗ ತೆಂಗಿನ ಕಳ್ಳಿನ ವಿನೆಗರ್ ಒಂದು ಬಾಟಲಿ ತನ್ನಿ. ಬಿಸಿ ಚಿಪ್ಸಿನ ಮೇಲೆ ಅದನ್ನು ಚಿಮುಕಿಸಿದರೆ ಮಾಲ್ಟಿನ ನೆನಪೂ ಬಾರದು.

ಪ್ರಶ್ನೆ: ಪನೀರ್ ಅಂಡ್ ಚಿಪ್ಸ್ ಮಾಡಬಹುದೇ?
— ಕಾತ್ರಜ್, ಪುಣೆ

ಉತ್ತರ: ಧಾರಾಳವಾಗಿ. ಅದಕ್ಕೆ ಪನೀರ್ ಪಕೋಡಾ ಎನ್ನುತ್ತಾರೆ.

ಪ್ರಶ್ನೆ: ಜೂನ್ ಕೊನೆಗೆ ನೆಂಟರು ಬರುತ್ತಾರೆ. ಆಗ ಕೊಲಾಬಾಕ್ಕೆ ಹೋದರೆ ತಾಜಾ ಮೀನು ಸಿಕ್ಕೀತೇ? ಮತ್ತೆ, ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ 10 ಪರ್ಸೆಂಟ್ ಹಾಕಿದ್ದರು, ಕೊಡಲೇಬೇಕೇ?
— ಮುಲುಂಡ್

ಉತ್ತರ: ಜೂನ್ 1ರಿಂದ ಜುಲೈ ಕೊನೆಯವರೆಗೆ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ಬೋಟುಗಳಿಗೆ ರಜೆ, ಮೀನು ಮೊಟ್ಟೆಯಿಡುವ ಕಾಲ. ಕೊಲಾಬಾದ ಮೀನು ಬಂದರು ಸಸೂನ್ ಡಾಕ್ ಆಗ ಖಾಲಿ ಹೊಡೆಯುತ್ತದೆ. ಆ ದಿನಗಳಲ್ಲಿ ‘ಫ್ರೆಶ್ ರಾವಸ್’ ಎಂದು ಯಾರಾದರೂ ಎದೆ ತಟ್ಟಿ ಹೇಳಿದರೆ ಐಸಿನ ಪೆಟ್ಟಿಗೆಯನ್ನು ನೆನಪಿಸಿಕೊಳ್ಳಿ. ಸಾಕಿದ ಜಿತಾಡಾ ಸಿಕ್ಕರೆ ಅದನ್ನು ತಿನ್ನಿ, ಇಲ್ಲವಾದರೆ ನೆಂಟರಿಗೆ ಕೋಳಿ ಸುಕ್ಕಾ, ನೀರುದೋಸೆ ಮಾಡಿ ಬಡಿಸಿ. ಶ್ರಾವಣದ ನಾರಳಿ ಪೂರ್ಣಿಮೆ (ಬೆಸ್ತರು ಕಡಲಪೂಜೆ ಮಾಡುವ ಹಬ್ಬ) ಕಳೆದ ಮೇಲೆ ಬರುವಂತೆ ಹೇಳಿದರೆ ಇನ್ನೂ ಒಳ್ಳೆಯದು.

ಸರ್ವಿಸ್ ಚಾರ್ಜು ಕೊಡಲೇಬೇಕೆಂದಿಲ್ಲ. ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಸೂಚನೆ ಕೊಟ್ಟಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಮೆಲ್ಲಗೆ ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಉಳಿದ ದುಡ್ಡಿನಲ್ಲಿ ಸ್ವಲ್ಪವನ್ನು, ಇವತ್ತು ಯಾವ ಮೀನು ಎಂದು ನಿಜ ಹೇಳಿದ ವೇಟರಿನ ಕೈಗೇ ಕೊಡಿ.