ವಿಮೆ ಇಲ್ಲದವರಿಗೆ ಮುಂಬೈಯಲ್ಲಿ ಆಪರೇಷನ್ ಹೇಗೆ?

ಹೋಟೆಲಲ್ಲಿ ಕೆಲಸ ಮಾಡುವ ತಮ್ಮನಿಗೆ ವಿಮೆ ಇಲ್ಲ, ರೇಷನ್ ಕಾರ್ಡ್ ಊರಿನದು, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಕೆಇಎಂ ಅಥವಾ ಸಾಯನ್‌ಗೆ ಹೋಗಿ, ಪಾಲಿಕೆ ಆಸ್ಪತ್ರೆ, ಖರ್ಚು ಕಡಿಮೆ. ಕ್ಯೂ ಮಾತ್ರ ಉದ್ದ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. ಬಾಂಬೆ ಹೈಕೋರ್ಟ್ 2006ರಲ್ಲಿ ಒಪ್ಪಿದ ಯೋಜನೆ ಪ್ರಕಾರ ಟ್ರಸ್ಟಿನ ದೊಡ್ಡ ಆಸ್ಪತ್ರೆಗಳೂ 100ರಲ್ಲಿ 10 ಹಾಸಿಗೆ ತೀರಾ ಬಡವರಿಗೆ ಪುಕ್ಕಟೆ, ಇನ್ನು 10 ಅರ್ಧ ರೇಟಿಗೆ ಇಡಲೇಬೇಕು. ಕೌಂಟರಲ್ಲಿ ‘ಬೆಡ್ ಖಾಲಿ ಇಲ್ಲ’ ಅನ್ನುತ್ತಾರೆ, ನನಗೂ ಒಂದು ಕಡೆ ಹಾಗೇ ಅಂದಿದ್ದರು. ಸುಮ್ನೆ ವಾಪಸ್ ಬರಬೇಡಿ. ತಹಸೀಲ್ದಾರರ ಆದಾಯ ಪತ್ರ, ರೇಷನ್ ಕಾರ್ಡ್ ಹಿಡಿದು ಅಲ್ಲಿನ ಮೆಡಿಕಲ್ ಸೋಷಿಯಲ್ ವರ್ಕರನ್ನೇ ನೋಡಿ. ಕೇಂದ್ರದ ಆಯುಷ್ಮಾನ್ ಆರೋಗ್ಯ ಯೋಜನೆಯ ಪಟ್ಟಿಯಲ್ಲಿ ಹೆಸರಿದ್ದರೆ ಊರಿನ ಆಯುಷ್ಮಾನ್ ಕಾರ್ಡು ಇಲ್ಲೂ ನಡೆಯುತ್ತದೆ, ಯೋಜನೆಗೆ ಸೇರಿದ ಆಸ್ಪತ್ರೆ ಆಗಿರಬೇಕು ಅಷ್ಟೇ.